ಜ್ವರದ ಪ್ಯಾಕೇಜಿನಲ್ಲಿ ಕೊಡುವ 'ಮಲೇರಿಯಾ ಆಂಟಿಬಾಡಿ' ಟೆಸ್ಟ್: 5ಕ್ಕೆ 1 ಸ್ಟಾರ್

ಮಂಗಳೂರಿನ ಒಂದು ಖಾಸಗಿ ಲ್ಯಾಬಿನ ಫೀವರ್ ಪ್ಯಾಕೇಜ್ ಬಗ್ಗೆ ಈ ರಿವ್ಯೂ. ಲ್ಯಾಬಿನ ಹೆಸರು ಬೇಡ. ಇಂಥ ಪ್ಯಾಕೇಜ್ ಬೇರೆ ಕಡೆಯೂ ಸಿಗುತ್ತದೆ, ಹಾಗಾಗಿ ಟೆಸ್ಟ್ ಬಗ್ಗೆಯೇ ಹೇಳುತ್ತೇನೆ.

ಮೊದಲು ಒಳ್ಳೆಯದು. ಹೇಳಿದ ಟೈಮಿಗೆ ಮನೆಗೆ ಬಂದರು, ರಕ್ತ ತೆಗೆದ ಹುಡುಗಿ ತುಂಬಾ ಚೆನ್ನಾಗಿ ಮಾತಾಡಿಸಿದಳು, ಸಂಜೆಗೆ ರಿಪೋರ್ಟ್ ವಾಟ್ಸಾಪಿಗೆ ಬಂತು. ಆ ಸ್ಟಾರ್ ಅದಕ್ಕೇ.

ತಮ್ಮನಿಗೆ ಚಳಿಜ್ವರ ಶುರುವಾಗಿ ಮೂರನೇ ದಿನ. ಅವನಿಗೆ ಹಿಂದೆ ಯಾವತ್ತೂ ಮಲೇರಿಯಾ ಬಂದಿರಲಿಲ್ಲ. ಪ್ಯಾಕೇಜ್ ಪಟ್ಟಿಯಲ್ಲಿ 'ಮಲೇರಿಯಾ' ಅಂತ ದೊಡ್ಡದಾಗಿ ಇತ್ತು, ರಿಪೋರ್ಟಿನಲ್ಲಿ ನೋಡಿದರೆ 'ಆಂಟಿಬಾಡಿ, ನೆಗೆಟಿವ್'. ಮನೆಯವರೆಲ್ಲ ಸಮಾಧಾನ ಪಟ್ಟರು. ಮರುದಿನ ಜ್ವರ ಮತ್ತೆ ಏರಿತು, ನಗರ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ವೈವಾಕ್ಸ್ ಅನ್ನುವ ಬಗೆಯ ಮಲೇರಿಯಾ ಪಾಸಿಟಿವ್. ಒಂದು ರೂಪಾಯಿ ಖರ್ಚಿಲ್ಲ.

ಇದು ಲ್ಯಾಬಿನ ಮಷೀನಿನ ದೋಷ ಅಲ್ಲ, ಟೆಸ್ಟಿನ ಸ್ವಭಾವವೇ ಹಾಗೆ. ಆಂಟಿಬಾಡಿ ಅಂದರೆ ರೋಗಾಣು ಒಳಗೆ ಬಂದ ಮೇಲೆ ನಮ್ಮ ಮೈ ತಯಾರಿಸುವ ವಸ್ತು. ಮೊದಲ ಸಲ ಮಲೇರಿಯಾ ಬಂದವರಲ್ಲಿ ಅದು ಟೆಸ್ಟಿಗೆ ಸಿಗುವಷ್ಟು ಆಗಲು ವಾರ ಎರಡು ವಾರ ಹಿಡಿಯಬಹುದು. ಜ್ವರ ಅಷ್ಟು ಕಾಯುತ್ತದಾ? ಸ್ಮಿಯರ್ (ಆ ಗಾಜಿನ ಮೇಲೆ ರಕ್ತ ಸವರಿ ನೋಡುವ ಟೆಸ್ಟ್) ಮತ್ತು ಆಂಟಿಜನ್ ಕಾರ್ಡ್ ಹುಡುಕುವುದು ರೋಗಾಣುವನ್ನು, ಇಲ್ಲವೇ ಅದರ ಪ್ರೋಟೀನನ್ನು. ಜ್ವರ ಬಂದವರಿಗೆ ಬೇಕಾಗಿರುವುದು ಅದು.

ಅಮ್ಮನಿಗೂ ಅದೇ ಪ್ಯಾಕೇಜ್ ಮಾಡಿಸಿದ್ದೆವು. ಅವರ ರಿಪೋರ್ಟ್ ಪಾಸಿಟಿವ್! ಹೋದ ವರ್ಷ ಮಲೇರಿಯಾ ಬಂದು ವಾಸಿಯಾಗಿತ್ತು, ಅದರ ಗುರುತು ಇನ್ನೂ ರಕ್ತದಲ್ಲಿ ಉಳಿದಿತ್ತು ಅಷ್ಟೇ. ಫೋನ್ ಮಾಡಿ ಕೇಳಿದರೆ ಕಸ್ಟಮರ್ ಕೇರಿನವರು 'ಒಳ್ಳೆಯದೇ ಮೇಡಂ, ಇಮ್ಯುನಿಟಿ ಇದೆ ಅಂತ ಅರ್ಥ, ಇನ್ನು ಬರಲ್ಲ' ಅಂದರು. ನನಗೆ ನಿಜಕ್ಕೂ ಸಿಟ್ಟು ಬಂದದ್ದು ಈ ಮಾತಿಗೆ.

ಆಂಟಿಬಾಡಿ ಕೆಲಸಕ್ಕೆ ಬರುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಅನ್ನುವ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿ 1961ರಲ್ಲಿ ಪ್ರಕಟಿಸಿದ್ದರು. ಮಲೇರಿಯಾ ಎದುರಿಸಿ ಗಟ್ಟಿಯಾಗಿದ್ದ ದೊಡ್ಡವರ ರಕ್ತದಿಂದ ಆಂಟಿಬಾಡಿ ಬೇರೆ ಮಾಡಿ ಕಾಯಿಲೆ ಬಿದ್ದ ಮಕ್ಕಳಿಗೆ ಕೊಟ್ಟರು. ಕೆಲವೇ ದಿನದಲ್ಲಿ ಮಕ್ಕಳ ರಕ್ತದಲ್ಲಿ ರೋಗಾಣು ಇಳಿಯಿತು, ಜ್ವರವೂ ಇಳಿಯಿತು. ಆದರೆ ಆ ದೊಡ್ಡವರಿಗೆ ಅಂಥ ಆಂಟಿಬಾಡಿ ಬಂದದ್ದು ಹುಟ್ಟಿದಾಗಿನಿಂದ ಮತ್ತೆ ಮತ್ತೆ ಮಲೇರಿಯಾ ಬಂದು. ಫಾಲ್ಸಿಪಾರಮ್ ಅನ್ನುವ, ಹೆಚ್ಚು ಅಪಾಯದ ಬಗೆಯ ಮಲೇರಿಯಾ ರೋಗಾಣು ರಕ್ತಕಣದ ಮೇಲೆ ಇಡುವ ಪ್ರೋಟೀನನ್ನು ಅಂಗಿ ಬದಲಾಯಿಸಿದ ಹಾಗೆ ಬದಲಾಯಿಸುತ್ತಿರುತ್ತದೆ, ಅದಕ್ಕೆ ಸುಮಾರು 60 ಜೀನ್‌ಗಳಿವೆ. ಒಂದನ್ನು ಗುರುತು ಹಿಡಿದರೆ ಸಾಲದು. ಆಫ್ರಿಕಾದಲ್ಲಿ ಮಲೇರಿಯಾದಿಂದ ಸಾಯುವವರಲ್ಲಿ ಮುಕ್ಕಾಲು ಪಾಲು 5 ವರ್ಷದೊಳಗಿನ ಮಕ್ಕಳು, ಯಾಕೆಂದರೆ ಅವರ ಮೈ ಇನ್ನೂ ಕಲಿಯುತ್ತಿರುತ್ತದೆ. ದೊಡ್ಡವರಲ್ಲೂ ಆಂಟಿಬಾಡಿ ಹೆಚ್ಚಾಗಿ ತಡೆಯುವುದು ಕಾಯಿಲೆ ಜೋರಾಗುವುದನ್ನು, ಸೋಂಕನ್ನೇ ಪೂರ್ತಿ ಅಲ್ಲ. ಊರು ಬಿಟ್ಟು ವರ್ಷಗಟ್ಟಲೆ ದೂರ ಇದ್ದವರಲ್ಲಿ ಆ ಬಲವೂ ಕಡಿಮೆಯಾಗುತ್ತದೆ.

ಹಾಗಿರುವಾಗ ಮಂಗಳೂರಿನಲ್ಲಿ ಒಂದು ಸಲ ವೈವಾಕ್ಸ್ ಬಂದುಹೋದ ಅಮ್ಮನಿಗೆ 'ಇನ್ನು ಬರಲ್ಲ' ಅಂತ ಹೇಗೆ ಹೇಳುತ್ತಾರೆ? ವೈವಾಕ್ಸ್ ಅಂತೂ ಲಿವರಿನಲ್ಲಿ ಮಲಗಿದ್ದು ತಿಂಗಳುಗಳ ಮೇಲೆ ಮತ್ತೆ ಏಳುತ್ತದೆ, ಸೊಳ್ಳೆಯೂ ಬೇಕಾಗಿಲ್ಲ. ಅದಕ್ಕೇ ಕ್ಲೋರೋಕ್ವಿನ್ ಜೊತೆ 14 ದಿನ ಪ್ರೈಮಾಕ್ವಿನ್ ಮಾತ್ರೆ ಕೊಡುವುದು. ಜ್ವರ ಇಳಿಯಿತು ಅಂತ ಅರ್ಧಕ್ಕೆ ಬಿಡುವವರು ಜಾಸ್ತಿ, ಅಂಥವರ ಕಿವಿಗೆ 'ಇಮ್ಯುನಿಟಿ ಇದೆ' ಅನ್ನುವ ಮಾತು ಬಿದ್ದರೆ ಏನಾಗಬಹುದು ಅಂತ ಯೋಚಿಸಿ.

ಈ ಟೆಸ್ಟಿಗೆ ಉಪಯೋಗ ಇಲ್ಲವೇ ಇಲ್ಲ ಅಂತಲ್ಲ. ಬ್ರಿಟನ್‌ನಂಥ ದೇಶಗಳಲ್ಲಿ ಮಲೇರಿಯಾ ಇರುವ ಕಡೆ ಹೋಗಿಬಂದವರು ರಕ್ತದಾನ ಮಾಡುವಾಗ ಇದನ್ನು ನೋಡುತ್ತಾರೆ, ಮಲೇರಿಯಾ ಎಷ್ಟು ಹರಡಿದೆ ಅಂತ ನೋಡುವ ಸರ್ವೆಗಳಿಗೂ ಬೇಕು. ಜ್ವರದಲ್ಲಿ ನಡುಗುತ್ತಿರುವವನಿಗೆ ಸುಮ್ನೆ ದುಡ್ಡು ದಂಡ. ಬರೀ ದುಡ್ಡಾಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು, ಫಾಲ್ಸಿಪಾರಮ್ ಆಗಿದ್ದರೆ ಒಂದು ದಿನ ತಡವಾದದ್ದೂ ಜೀವಕ್ಕೇ ಕುತ್ತು ತರಬಹುದು.

ಬುಕ್ ಮಾಡುವ ಮೊದಲು 'ಸ್ಮಿಯರ್ ಇದೆಯಾ, ಆಂಟಿಜನ್ನಾ ಆಂಟಿಬಾಡಿಯಾ' ಅಂತ ಕೇಳಿ. ಸ್ಮಿಯರ್ ನೆಗೆಟಿವ್ ಬಂದು ಜ್ವರ ಬಿಡದಿದ್ದರೆ ಮರುದಿನ ಮತ್ತೆ ಮಾಡಿಸಿ, ಡಾಕ್ಟರಿಗೆ ತೋರಿಸಿ. ಪ್ಯಾಕೇಜಿನಲ್ಲಿ ಆಂಟಿಬಾಡಿ ತೆಗೆದು ಸ್ಮಿಯರ್ ಹಾಕಿ ಅಂತ ಲ್ಯಾಬಿಗೆ ಮೇಲ್ ಮಾಡಿದ್ದೇನೆ, ಬದಲಾಯಿಸಿದರೆ ಸ್ಟಾರ್ ಹೆಚ್ಚಿಸುತ್ತೇನೆ.