ಪಾತ್‌ಫೈಂಡರ್ ದೇವರುಗಳು: ವಿಧಿ-ನಿಷೇಧ ಭಕ್ತರಿಗೆ ಮಾತ್ರವೇ?

ಮೇಜಿನ ಸುತ್ತ ಕೂತು, ಪಾತ್ರ ಕಟ್ಟಿಕೊಂಡು ಆಡುವ ಕಥೆಯಾಟ ಪಾತ್‌ಫೈಂಡರ್‌ನ ಎರಡನೇ ಆವೃತ್ತಿಯ ನಿಯಮಪುಸ್ತಕ 2019ರಲ್ಲಿ ಬಂತು. ಸರದಿಗೆ ಮೂರು ಆಕ್ಷನ್, ಕಾಳಗದ ಲೆಕ್ಕ, ಇವೆಲ್ಲ ಆಡುವವರಿಗೆ ಗೊತ್ತಿರುವುದೇ, ಬಿಟ್ಟುಬಿಡೋಣ. ಇಷ್ಟು ವರ್ಷ ಆಡಿಸಿದ ಮೇಲೂ ಈ ಪುಸ್ತಕ ನನಗೆ ಬೇಕೆನಿಸುವುದು ದೇವರುಗಳ ಪುಟಗಳಿಗಾಗಿ. ನನ್ನ ಬೇಸರವೂ ಆ ಪುಟಗಳ ಮೇಲೆಯೇ.

ಹಳೆಯ ಪದ್ಧತಿಯಲ್ಲಿ ಪ್ರತಿ ದೇವರಿಗೂ ‘ಲಾಫುಲ್ ಗುಡ್’ (ನಿಯಮಕ್ಕೆ ಬದ್ಧ, ಒಳ್ಳೆಯ) ಎಂದೋ ‘ಕೇಯಾಟಿಕ್ ಈವಿಲ್’ (ಅಂಕೆಯಿಲ್ಲದ, ಕೆಟ್ಟ) ಎಂದೋ ಗುಣ ಹೇಳುವ ಒಂದು ಹಣೆಪಟ್ಟಿ. ಅದನ್ನು ಹಿಡಿದುಕೊಂಡು ಸೆರೆಸಿಕ್ಕ ದರೋಡೆಕೋರನನ್ನು ಏನು ಮಾಡಬೇಕು ಎಂದು ತೀರ್ಮಾನಿಸಲು ಆಗುವುದಿಲ್ಲ. ಈ ಪುಸ್ತಕದಲ್ಲಿ ಪ್ರತಿ ದೇವರಿಗೂ ಹಣೆಪಟ್ಟಿಯ ಜೊತೆಗೆ ಈಡಿಕ್ಟ್, ಅನಾಥೆಮಾ ಎಂಬ ಎರಡು ಸಾಲುಗಳಿವೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ವಿಧಿ ಮತ್ತು ನಿಷೇಧ. ಸಾವಿನ ದೇವತೆ ಫರಾಸ್ಮಾಳ ಹಣೆಪಟ್ಟಿ ಬರೀ ‘ನ್ಯೂಟ್ರಲ್’ ಎಂದಿತ್ತು. ಅದರಿಂದ ಏನೂ ತಿಳಿಯದು. ನಿಷೇಧದ ಸಾಲು ನೋಡಿ: ಅನ್‌ಡೆಡ್‌ಗಳನ್ನು (ಸತ್ತೂ ಓಡಾಡುವವರನ್ನು) ಸೃಷ್ಟಿಸಬಾರದು, ಶವವನ್ನು ಅಪವಿತ್ರಗೊಳಿಸಬಾರದು, ಗೋರಿ ದೋಚಬಾರದು. ಅರ್ಧ ಸಾಹಸಗಳು ನಡೆಯುವುದೇ ಹಳೆಯ ಗೋರಿಗಳೊಳಗೆ! ಅವಳಿಂದ ಶಕ್ತಿ ಪಡೆಯುವ ಅರ್ಚಕ, ಅಂದರೆ ಕ್ಲೆರಿಕ್ ಒಬ್ಬ ತಂಡದಲ್ಲಿದ್ದರೆ ಪ್ರತಿ ಶವಪೆಟ್ಟಿಗೆಯ ಮುಂದೆಯೂ ಒಂದು ಮಾತುಕತೆ ಹುಟ್ಟುತ್ತದೆ. ಈ ಸುಖ ನನಗೆ ಬೇರೆ ಯಾವ ನಿಯಮಪುಸ್ತಕದಲ್ಲೂ ಸಿಕ್ಕಿಲ್ಲ.

ಬಳಸುವ ಕ್ರಮ ಸರಳ. ಅಂಗೈಯಗಲದ ಕಾರ್ಡಿನ ಒಂದು ಮಗ್ಗುಲಲ್ಲಿ ವಿಧಿಗಳು, ಇನ್ನೊಂದರಲ್ಲಿ ನಿಷೇಧಗಳು. ಪಾತ್ರಗಳು ಬೆಳಗಿನ ಸಿದ್ಧತೆ ಮಾಡಿಕೊಳ್ಳುವಾಗ ಕ್ಲೆರಿಕ್ ಆಡುವವರು ನಿಷೇಧಗಳನ್ನು ಗಟ್ಟಿಯಾಗಿ ಓದಬೇಕು. ಅರ್ಧ ನಿಮಿಷ ಸಾಕು. ಆಮೇಲೆ ‘ಮರೆತುಹೋಗಿತ್ತು’ ಎಂಬ ಮಾತು ಬರುವುದಿಲ್ಲ.

ತೊಡಕು ಶುರುವಾಗುವುದು ಸರೆನ್ರೇಯಿಂದ. ಸೂರ್ಯ, ಉಪಶಮನ, ಉದ್ಧಾರಗಳ ದೇವತೆ. ಪಶ್ಚಾತ್ತಾಪಪಟ್ಟವರಿಗೆ ತಿದ್ದಿಕೊಳ್ಳುವ ಅವಕಾಶ ನಿರಾಕರಿಸಬಾರದು ಎಂಬುದು ಅವಳ ಒಂದು ನಿಷೇಧ. ಕೆಡುಕನ್ನು ಹೊಡೆದುರುಳಿಸದೆ ಬಿಡಬಾರದು ಎಂಬುದು ಇನ್ನೊಂದು. ಕತ್ತಿ ಕೆಳಗಿಟ್ಟು ‘ತಪ್ಪಾಯಿತು’ ಎನ್ನುವ ಕೊಲೆಗಾರನ ಎದುರು ಎರಡೂ ಅಡಕತ್ತರಿಯಂತೆ ಹಿಡಿಯುತ್ತವೆ. ದೇವರ ಹೆಸರಿನಲ್ಲಿ ಹೋರಾಡುವ ಯೋಧ ಪಾತ್ರ ಚಾಂಪಿಯನ್‌ನ ವ್ರತಗಳಿಗೆ 2019ರ ಪುಸ್ತಕ ಆದ್ಯತೆಯ ಕ್ರಮ ಕೊಟ್ಟಿದೆ. ಎರಡು ವ್ರತ ಡಿಕ್ಕಿ ಹೊಡೆದರೆ ಮೇಲಿನದ್ದೇ ಗೆಲ್ಲುತ್ತದೆ. ದೇವರ ನಿಷೇಧಗಳಿಗೆ ಅಂಥ ಕ್ರಮವೇ ಇಲ್ಲ. ಕ್ಲೆರಿಕ್ ಎಷ್ಟು ತಪ್ಪಿದರೆ ಶಕ್ತಿ ಹೋಗುತ್ತದೆ ಎಂಬುದಕ್ಕೂ ಎಣಿಕೆಯಿಲ್ಲ, ಆಟ ಆಡಿಸುವ ಜಿಎಂ ವಿವೇಚನೆಗೆ ಬಿಟ್ಟದ್ದು. ಹೋದ ಶಕ್ತಿ ಮರಳಲು ‘ಅಟೋನ್’ ಎಂಬ ಪ್ರಾಯಶ್ಚಿತ್ತದ ರಿಚುಅಲ್ ಬೇಕು. ಅದು ಮಂತ್ರಗಳ ಲೆಕ್ಕದಲ್ಲಿ 4ನೇ ಹಂತದ್ದು, ಒಂದಿಡೀ ದಿನ ಹಿಡಿಯುತ್ತದೆ, ಖರ್ಚು ಪಾತ್ರದ ಹಂತಕ್ಕೆ 20ರಂತೆ ಚಿನ್ನದ ನಾಣ್ಯ. 2ನೇ ಹಂತದ ತಂಡ ಅದನ್ನು ತಾನೇ ಮಾಡಿಕೊಳ್ಳುವುದು ಕಷ್ಟ, ಹೊರಗಿನ ಅರ್ಚಕರನ್ನು ಹುಡುಕಿಕೊಂಡು ಹೋಗಬೇಕು. ಮೂರು ತಾಸಿನ ಆಟದಲ್ಲಿ ಉಳಿದ ನಾಲ್ವರು ಕಾಯುತ್ತ ಕೂರುತ್ತಾರೆ.

ಹಾಗಾಗಿ ಆಡಿಸುವವರು ಮೂರು ಮೆಟ್ಟಿಲು ಹಾಕಿಕೊಳ್ಳುವುದು ಒಳ್ಳೆಯದು. ಮೊದಲ ತಪ್ಪಿಗೆ ಒಂದು ಶಕುನ. ಎರಡನೆಯದಕ್ಕೆ ಮರುದಿನದ ಸಿದ್ಧತೆಯವರೆಗೆ ಡಿವೈನ್ ಫಾಂಟ್ (ಕ್ಲೆರಿಕ್‌ಗೆ ದಿನಾ ಸಿಗುವ ಗುಣಪಡಿಸುವ ಇಲ್ಲವೇ ಘಾಸಿಮಾಡುವ ಹೆಚ್ಚುವರಿ ಮಂತ್ರಗಳು) ಬಂದ್. ಮೂರನೆಯದಕ್ಕೆ ಪೂರ್ಣ ನಷ್ಟ. ನಿಷೇಧಗಳ ಕ್ರಮವನ್ನು ಆಟಗಾರರೇ ಪಾತ್ರ ಕಟ್ಟುವ ದಿನ ಬರೆದುಕೊಡಲಿ.

ಇಷ್ಟಾದರೂ ನನ್ನನ್ನು ಕಾಡುವ ಪ್ರಶ್ನೆ ಬೇರೆಯೇ: ಈ ಸಾಲುಗಳು ದೇವರನ್ನು ಕಟ್ಟಿಹಾಕುತ್ತವೆಯೇ? ಸರೆನ್ರೇಯ ಮೊದಲ ವಿಧಿ ವಿನಾಶದ ದೇವರು ರೋವಗುಗ್‌ನ ಸಂತಾನವನ್ನು ನಾಶಮಾಡುವುದು. ಆ ಸಂತಾನ ಮೇಲೆದ್ದು ಬಂದದ್ದು ಗೊರ್ಮುಜ್‌ನ ಕಂದಕದಿಂದ. ಆ ಕಂದಕ ತೆರೆದದ್ದು ಸ್ವತಃ ಸರೆನ್ರೇ, ರೋವಗುಗ್‌ನ ಪ್ರಭಾವಕ್ಕೆ ಸಿಕ್ಕು ಕೆಟ್ಟಿದ್ದ ಗೊರ್ಮುಜ್ ನಗರವನ್ನು ಕೋಪದಲ್ಲಿ ಅಳಿಸಿಹಾಕಿದಾಗ. ಅಲ್ಲಿನ ಮಕ್ಕಳಿಗೆ ತಿದ್ದಿಕೊಳ್ಳುವ ಅವಕಾಶ ಸಿಕ್ಕಿತೇ? ಭಕ್ತನೊಬ್ಬ ಹೀಗೆ ಮಾಡಿದ್ದರೆ ಅವನ ಶಕ್ತಿ ಆ ಕ್ಷಣವೇ ಹೋಗುತ್ತಿತ್ತು. ದೇವತೆಗೆ ಅಟೋನ್ ಇಲ್ಲ. ಅವಳ ಭಕ್ತರು ಶತಮಾನಗಳಿಂದ ಹೊಡೆದಾಡುತ್ತಿರುವುದು ಅವಳದೇ ತಪ್ಪಿನ ಫಲದ ಜೊತೆ. ಇದನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿಡುವಷ್ಟು ಕಹಿಯಾಗಿತ್ತು.

ಈಗ ಆ ಕಹಿ ಕಡಿಮೆಯಾಗಿದೆ. ಉದ್ಧಾರದ ಮೇಲೆ ಅವಳಿಗಿರುವ ಹಟಕ್ಕೆ ಆ ಕಂದಕ ಒಂದು ಕಾರಣ ಕೊಡುತ್ತದೆ. ಪರಿಶುದ್ಧ ದೇವತೆಯ ಅರ್ಚಕನಿಗಿಂತ ತಪ್ಪು ಮಾಡಿದ ದೇವತೆಯ ಅರ್ಚಕನ ಬಳಿ ಹೇಳಲು ಹೆಚ್ಚು ಮಾತಿದೆ. 2023ರ ಪರಿಷ್ಕೃತ ನಿಯಮಪುಸ್ತಕ ‘ಪ್ಲೇಯರ್ ಕೋರ್’ ಹಣೆಪಟ್ಟಿಗಳನ್ನೇ ಕಿತ್ತುಹಾಕಿ ವಿಧಿ-ನಿಷೇಧಗಳನ್ನು ಉಳಿಸಿಕೊಂಡಿತು. ‘ಗುಡ್’ ಎಂಬ ಪದದ ಹಿಂದೆ ಗೊರ್ಮುಜ್ ಅಡಗಿಕೊಳ್ಳಲು ಈಗ ಜಾಗವಿಲ್ಲ. ನಿಯಮಗಳೆಲ್ಲ ಆನ್‌ಲೈನ್‌ನಲ್ಲಿ ಉಚಿತವಾಗಿಯೇ ಸಿಗುವುದರಿಂದ ದೇವರ ಪುಟಗಳನ್ನು ಓದಿ ನೋಡಲು ಖರ್ಚೂ ಇಲ್ಲ.

ಕಾರ್ಡಿನ ಕೆಳತುದಿಯಲ್ಲಿ ಈಗ ಮೂರನೆಯ ಸಾಲೊಂದು ಸೇರಿದೆ: ಈ ದೇವರು ತನ್ನದೇ ನಿಷೇಧವನ್ನು ಮುರಿದದ್ದು ಯಾವಾಗ? ಸರೆನ್ರೇಯ ಕಾರ್ಡಿನಲ್ಲಿ ‘ಗೊರ್ಮುಜ್’ ಎಂದು ಬರೆದಿದೆ. ಫರಾಸ್ಮಾಳದ್ದು ಇನ್ನೂ ಖಾಲಿ.