ಚಿನ್ನದ ಲೇಪವೋ, ಗ್ಯಾಲಿಯಂ ಮೊನೆಯೋ?

ಪುನರ್ವಸು ಮಳೆ ಹಿಡಿದರೆ ಶಿವಮೊಗ್ಗದಲ್ಲಿ ಕರೆಂಟು ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ. ನನ್ನ ಮೊದಲ ಸ್ಯಾಂಪಲ್‌ಗಳು ಹಾಳಾಗಿದ್ದೇ ಹಾಗೆ. ವ್ಯಾಕ್ಯೂಮ್ ಚೇಂಬರಿನ ಗಾಳಿಯನ್ನು ಗಂಟೆಗಟ್ಟಲೆ ಎಳೆದು, ಇನ್ನೇನು ಚಿನ್ನ ಆವಿಯಾಗಬೇಕು ಅನ್ನುವಾಗ ಪಂಪು ನಿಂತಿತು.

ಕೆಲಸ ಇಷ್ಟೇ: ಚಿನ್ನ ಕೂರಿಸಿದ ಗಾಜಿನ ಮೇಲೆ ಆಲ್ಕೇನ್‌ಥಯಾಲ್ ಅಣುಗಳ ಒಂದೇ ಒಂದು ಪದರ ಬೆಳೆಸಬೇಕು. ಗಂಧಕದ ತುದಿ ಚಿನ್ನವನ್ನು ಕಚ್ಚಿಕೊಳ್ಳುತ್ತೆ, ಇಂಗಾಲದ ಬಾಲ ಮೇಲೆ ನಿಲ್ಲುತ್ತೆ. ಬಾಲದಲ್ಲಿ 16 ಇಂಗಾಲ ಇದ್ದರೂ ಪದರದ ದಪ್ಪ 2 ನ್ಯಾನೋಮೀಟರ್ ಆಸುಪಾಸು. ಅದರ ನೆತ್ತಿಗೆ ಇನ್ನೊಂದು ಲೋಹ ಮುಟ್ಟಿಸಿ ಕರೆಂಟ್ ಅಳೆಯೋದು. ಆ ಮೇಲಿನ ಲೋಹ ಆವಿಯಾಗಿ ಕೂರಿಸಿದ ಚಿನ್ನವಾಗಬೇಕೋ, ದ್ರವಲೋಹದ ಮೊನೆಯಾಗಬೇಕೋ ಅನ್ನೋದೇ ಪ್ರಶ್ನೆ.

ಕೊನೆಗೊಂದು ದಿನ ಪದರದ ನೆತ್ತಿಗೆ ಚುಕ್ಕಿ ಚುಕ್ಕಿಯಾಗಿ ಕೂರಿಸಿದ ಚಿನ್ನದ ಲೇಪ ಚೆನ್ನಾಗಿ ಬಂತು. ಅಳೆದರೆ ಹೆಚ್ಚುಕಡಿಮೆ ಎಲ್ಲ ಚುಕ್ಕಿಗಳೂ ಶಾರ್ಟ್! ಗ್ರಾಫಿನಲ್ಲಿ ನೆಟ್ಟಗಿನ ಕಡಿದಾದ ಗೆರೆ, ಅಣುವಿನ ಸುಳಿವೇ ಇಲ್ಲ. ಚಿನ್ನದ ಆವಿಯ ಬಿಸಿ ಪರಮಾಣುಗಳು ಪದರದ ಸಂದಿಯಲ್ಲಿ ಇಳಿದು ಕೆಳಗಿನ ಚಿನ್ನವನ್ನೇ ಸೇರಿಬಿಡುತ್ತವೆ. ಹಂಚಿನ ಮಾಡಿನಲ್ಲಿ ಒಂದು ಹಂಚು ಸರಿದಿದ್ದರೆ ಸಾಕು, ಮಳೆನೀರು ದಾರಿ ಹುಡುಕಿಕೊಳ್ಳುತ್ತಲ್ಲ, ಹಾಗೆ.

ಪಾದರಸವನ್ನೂ ನೋಡಿದೆ. ಅದು ಚಿನ್ನದ ಜೊತೆ ಬೆರೆಯುತ್ತೆ, ಆವಿಯೂ ವಿಷ. ಕಿಟಕಿ ಮುಚ್ಚಿಕೊಂಡು ಕೂರುವ ಮಳೆಗಾಲಕ್ಕೆ ಬೇಡವೇ ಬೇಡ.

ನನ್ನ ಕೈ ಹಿಡಿದದ್ದು ಗ್ಯಾಲಿಯಂ–ಇಂಡಿಯಂ ಮಿಶ್ರಲೋಹ. ತೂಕದಲ್ಲಿ ಮುಕ್ಕಾಲು ಪಾಲು ಗ್ಯಾಲಿಯಂ, ಕಾಲು ಪಾಲು ಇಂಡಿಯಂ, 15.5 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುವುದರಿಂದ ನಮ್ಮ ರೂಮಿನಲ್ಲಿ ಸದಾ ದ್ರವ. ಸಿರಿಂಜಿನ ಸೂಜಿ ತುದಿಗೆ ಒಂದು ಹನಿ ತಂದು, ಲೋಹದ ತುಣುಕಿಗೆ ಅಂಟಿಸಿ, ಸೂಜಿಯನ್ನು ನಿಧಾನ ಮೇಲೆತ್ತಬೇಕು. ಹನಿಯ ನಡು ಸಣ್ಣಗಾಗುತ್ತಾ ಹೋಗಿ ಪಟ್ಟನೆ ಕಡಿಯುತ್ತೆ. ಸೂಜಿಯಲ್ಲಿ ಚೂಪು ಮೊನೆ ಉಳಿಯುತ್ತೆ. ನೀರಾಗಿದ್ದರೆ ಮತ್ತೆ ದುಂಡಗಾಗುತ್ತಿತ್ತು. ಇಲ್ಲಿ ಗಾಳಿ ತಾಗಿದೊಡನೆ ಹುಟ್ಟುವ ಆಕ್ಸೈಡ್ ಪೊರೆ ಆಕಾರವನ್ನು ಹಿಡಿದಿಡುತ್ತೆ. ಆ ಮೊನೆ ಪದರದ ಮೇಲೆ ಮೆತ್ತಗೆ ಕೂರುತ್ತೆ, ಒಳಗೆ ಇಳಿಯಲ್ಲ.

12, 14, 16 ಇಂಗಾಲದ ಅಣುಗಳನ್ನು ಒಂದಾದ ಮೇಲೊಂದು ಅಳೆದೆ. ಪ್ರತಿ ಇಂಗಾಲಕ್ಕೂ ಕರೆಂಟ್ ಸುಮಾರು ಎರಡೂವರೆ ಪಟ್ಟು ಇಳಿಯುತ್ತಾ ಬಂತು. ಎಲೆಕ್ಟ್ರಾನ್ ಅಣುವಿನ ಮೂಲಕ ಟನೆಲಿಂಗ್ ಆಗಿ, ಅಂದರೆ ತಡೆಯನ್ನು ಹತ್ತಿ ಇಳಿಯದೆ ತೂರಿಕೊಂಡೇ, ದಾಟುತ್ತಿದೆ ಅನ್ನುವುದಕ್ಕೆ ಇದೇ ಗುರುತು. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಆದರೆ ಈ ಮೊನೆ ಹೇಳುವ ಅಂಕಿಯನ್ನು ಹಾಗೇ ನಂಬುವಂತಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಾಣುವ ಸಂಪರ್ಕದ ವಿಸ್ತೀರ್ಣದಲ್ಲಿ ನಿಜವಾಗಿ ಕರೆಂಟ್ ಸಾಗಿಸುವುದು ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟೇ. ಉಳಿದ ಕಡೆ ಒರಟು ಪೊರೆ ತಾಗಿಯೇ ಇರುವುದಿಲ್ಲ. ಹಳ್ಳದ ಕಾಲುಸಂಕ ಎಷ್ಟೇ ಗಟ್ಟಿಯಿರಲಿ, ಆಚೆ ದಡ ಜಾರುತ್ತಿದ್ದರೆ ದಾಟುವವರು ಕಡಿಮೆ. ಅದಕ್ಕೆ ಸಂಕವನ್ನು ದೂರಿ ಫಲವಿಲ್ಲ. ಹಾಗಾಗಿ ನಾನು ಒಂದೇ ಉದ್ದದ ಅಣುವಿನ ಅಳತೆ ಬರೆದಿಡುವುದನ್ನು ಬಿಟ್ಟು, ಅದೇ ಬಗೆಯ ಮೊನೆಯಲ್ಲಿ ಅಣುವಿನ ಉದ್ದ ಬದಲಿಸಿ ಕರೆಂಟಿನ ಇಳಿಜಾರನ್ನಷ್ಟೇ ನೋಡುತ್ತೇನೆ.

ಎಲೆಕ್ಟ್ರಾನಿಕ್ ಚಿಪ್‌ನೊಳಗೆ ಶಾಶ್ವತವಾಗಿ ಕೂರಬೇಕಾದ ಸಾಧನಕ್ಕೆ ಗಟ್ಟಿ ಲೋಹವೇ ಬೇಕು, ಒಪ್ಪುತ್ತೇನೆ. ಅಣುವನ್ನು ಅರಿಯಬೇಕಾದರೆ ನನ್ನ ಮತ ಮೊನೆಗೆ. ಪುಷ್ಯ ಮಳೆಯ ಥಂಡಿಯಲ್ಲಿ ರೀಡಿಂಗ್ ಅಲ್ಲಾಡತೊಡಗಿದಾಗ ಇಡೀ ಜೋಡಣೆಯನ್ನು ಸಿಲಿಕಾ ಜೆಲ್ ತುಂಬಿದ ಪಾರದರ್ಶಕ ಡಬ್ಬಿಯೊಳಗೆ ಇಟ್ಟೆ; ಮಾರನೇ ದಿನದಿಂದ ಗೆರೆಗಳು ಒಂದರ ಮೇಲೊಂದು ಕೂತವು.