ಮತ್ತೆ ಓದೋದಾ, ಪುಸ್ತಕ ಮುಚ್ಚಿ ಬರೆಯೋದಾ?

ಶಿರಸಿಯಲ್ಲಿ ಮೊದಲ ವರ್ಷದ ಮನಃಶಾಸ್ತ್ರ ಓದುತ್ತಿರುವ ತಂಗಿಗೆ ಇದೇ ಗೊಂದಲ. ಅರ್ಧ ಗಂಟೆಯಲ್ಲಿ ಪರೀಕ್ಷೆ ಇದ್ದರೆ ನೋಟ್ಸ್ ಮತ್ತೆ ಓದು. ವಾರ ಇದ್ದರೆ ನೆನಪಿನಿಂದ ಬರೆ, ಅದೇ ಮೇಲು. ಮನಃಶಾಸ್ತ್ರಜ್ಞರಾದ ರೋಡಿಗರ್, ಕಾರ್ಪಿಕೆ ಅವರ 2006ರ ಪ್ರಯೋಗದಲ್ಲಿ 5 ನಿಮಿಷದ ನಂತರ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ನೆನಪಿಸಿಕೊಂಡು ಬರೆದವರು ಮುಂದಿದ್ದರು.

ಓದುವಾಗ ಸುಮ್ನೆ ಎಲ್ಲ ಗೊತ್ತು ಅನ್ನಿಸುತ್ತದೆ, ಅಲ್ವಾ? ಪಾವ್ಲೋವ್ (ಜೊತೆಜೊತೆಗೆ ಬಂದ ಎರಡು ಸಂಗತಿ ಮನಸ್ಸಿನಲ್ಲಿ ಬೆಸೆದುಕೊಳ್ಳುವ ಕಲಿಕೆ), ಸ್ಕಿನ್ನರ್ (ಮಾಡಿದ್ದರ ಫಲ ನೋಡಿ ನಡವಳಿಕೆ ಬದಲಾಗುವ ಕಲಿಕೆ) ಬೆರೆತುಹೋಗಿದ್ದು ಬರೆಯಲು ಕೂತಾಗಲೇ ತಿಳಿಯುತ್ತದೆ. ಆಗ ನಿನ್ನದೇ ಉದಾಹರಣೆ ಬರೆ. ದೇವಿಮನೆ ಘಾಟಿಯಲ್ಲಿ ಪ್ರತಿ ಸಲ ವಾಂತಿಯಾಗಿ, ಈಗ ನಿಂತ ಬಸ್ಸಿನ ಡೀಸೆಲ್ ವಾಸನೆಗೂ ಹೊಟ್ಟೆ ತೊಳೆಸುತ್ತದೆ. ಅದು ಪಾವ್ಲೋವ್. ಕಿಟಕಿ ಪಕ್ಕ ಕೂತಾಗ ವಾಂತಿ ತಪ್ಪಿತು, ಈಗ ಓಡಿಹೋಗಿ ಅದೇ ಸೀಟು ಹಿಡಿಯುತ್ತೀಯ. ಅದು ಸ್ಕಿನ್ನರ್.